ಕ್ಯಾ?

ಚೀಟಿ ಮ್ಯಾಲ ಡಾಕ್ಟರಮ್ಮ ಬರೆದದ್ದು
ಇಂಗ್ಲಿಷಿನ ಎರಡೇ ಅಕ್ಷರ, ಸಿ ಮತ್ತ ಎ,
ಬಾಜೂಕ ಒಂದು ಪ್ರಶ್ನೆಯ ಕೊಂಡಿ.
ಕೆಳಗ 'ತುರ್ತು' ಅಂತ ಬರೆದು
ಕಾಗದ ಹರಿಯುವಂಗ ಎರಡು ಗೆರಿ ಎಳೆದಾಳ.

ನನ್ನಲ್ಲಿ ಕಾಜಾ, ಹುಕ್ಕು ಹಚ್ಚುವ ಖುರ್ಶೀದಾ
ಏಳನೇ ಕಲ್ತಾಕಿ, ಕೂಡಿಸಿ ಓದಿದಳು:
"ಕ್ಯಾ?"
ನಾನೂ ಅದನ್ನೇ ಕೇಳ್ತಿದ್ದೆ.
ಮಷೀನಿನ ಮ್ಯಾಲ ಕೈಯಿಟ್ಟು ಇಬ್ಬರೂ ನಕ್ಕೆವು.
ನಗು ನಿಂತ ಮ್ಯಾಲೂ ಕೈ ತೆಗೀಲಿಲ್ಲ.

ಹದಿನೆಂಟು ವರ್ಷ ಹುಮನಾಬಾದಿನ ಎದಿ ಅಳದೀನಿ.
ಮೂವತ್ತೆರಡು, ಮೂವತ್ತಾರು, ಬಾಣಂತಿಯರ ನಲವತ್ತು,
ಲಗ್ನಕ್ಕಿಂತ ಮೊದಲು ಅರ್ಧ ಇಂಚು ಬಿಗಿ,
ಆಮ್ಯಾಲ ಹೊಲಿಗಿ ಬಿಚ್ಚಿಸಲಿಕ್ಕ ಬರ್ತಾರ.
ನನ್ನ ಅಳತಿ ಮಾತ್ರ ಎಲ್ಲೂ ಬರೆದಿಟ್ಟಿಲ್ಲ,
ಹಳೇ ಜಂಪರು ಮುಂದಿಟ್ಟುಕೊಂಡು ಕತ್ತರಿ ಹಾಕುವಾಕಿ.
ಎಡಗಡಿ ಟಕ್ಕು ಎಳೀತದ ಅಂತ
ಮೂರು ಸಲ ಬಿಚ್ಚಿ ಹೊಲಿದೆ.
ತಪ್ಪು ಬಟ್ಟಿದಲ್ಲ ಅಂತ ತಿಳೀಲಿಕ್ಕ
ದೀಪಾವಳಿಯಿಂದ ಸಂಕ್ರಾಂತಿ ತನಕ ಹಿಡೀತು.

"ತುರ್ತು ಅಂದ್ರ ಅದೇ ಅಂತಲ್ಲ, ಇಂದುಬಾಯಿ.
ಅದಲ್ಲದಿದ್ರ ಅದಲ್ಲ ಅಂತನೂ ಜಲ್ದಿ ತಿಳೀಬೇಕಲ್ಲ?
ಎರಡಕ್ಕೂ ಇದೇ ಕಾಗದ."
ಡಾಕ್ಟರಮ್ಮನ ಮಾತು ಸೆರಗಿಗಿ ಗಂಟು ಹಾಕ್ಕೊಂಡೆ.
ರಾತ್ರಿ ಬಿಚ್ಚಿ ನೋಡಿದರ
ಬರೇ 'ಅದೇ' ಉಳಿದಿತ್ತು.

ಅಸ್ತರದ ಬಟ್ಟಿ ತರಲಿಕ್ಕ ಕಲಬುರಗಿಗಿ ಹೊಂಟೀನಿ
ಅಂತ ಮಗಳಿಗಿ ಸುಳ್ಳು ಹೇಳಿದೆ.
ಯಾವ ಬಣ್ಣದ್ದು ಅಂದಳು.
ಸುಳ್ಳಿಗಿ ಬಣ್ಣ ಬೇಕಾಗ್ತದಂತ ಹೊಳೆದಿದ್ದಿಲ್ಲ.

ಮರಗುತ್ತಿ ಸುರಂಗದಾಗ ರೈಲು ಹೊಕ್ಕಾಗ
ಡಬ್ಬಿಯಾಗ ಅಲ್ಲಲ್ಲಿ ಮೊಬೈಲು ಬೆಳಗಿದವು.
ಖುರ್ಶೀದಾ ಶೇಂಗಾ ಸುಲಿಯೋದು ಬಿಡಲಿಲ್ಲ,
ಕತ್ತಲದಾಗೂ ಅದೇ ಚಟ್ ಚಟ್ ಸಪ್ಪಳ.
ನನ್ನ ಕೈ ಅಲ್ಲಿಗೇ ಹೋಯ್ತು.
ಹಗಲು ಕಡ್ಲಿಯಷ್ಟು ಇರ್ತದ,
ಕತ್ತಲಾದರ ನಿಂಬಿಕಾಯಿ.
ಬೆಳಕು ಬಂದಾಗ ನನ್ನ ಉಡಿಯಾಗ ಹಿಡಿ ಶೇಂಗಾ ಇದ್ದವು,
ಆಕಿ ಕಿಡಕಿ ಕಡಿ ನೋಡ್ತಿದ್ದಳು.

ದವಾಖಾನಿಯಾಗ ಮೂರು ತಾಸು, ನಾಕು ಕಿಟಕಿ.
ಕಡೀಕ ನರ್ಸು, ತಲಿ ಎತ್ತದೇ:
"ಗುರುವಾರ ಬರ್ರಿ, ಸೂಜಿ ಹಾಕಿ ನೋಡ್ತಾರ."
"ಎಷ್ಟನೇ ನಂಬರಿಂದು?" ಅಂದೆ.
"ಹದಿನಾಕೋ, ಹದಿನಾರೋ?
ಬಟ್ಟಿ ನೋಡಿ ಸೂಜಿ ಬದಲಿಸಬೇಕ್ರಿ ಅಕ್ಕಾ."
ಆಗ ತಲಿ ಎತ್ತಿದಳು. ಹೆಸರು ಕೇಳಿದಳು,
ಕಾಗದದಾಗ ಇದ್ದದ್ದನ್ನೇ.

ಬರುವಾಗ ಅಸ್ತರದ ಬಟ್ಟಿ ಖರೇನೇ ತಂದೆ,
ಎರಡು ಮೀಟರು, ಬೂದಿ ಬಣ್ಣದ್ದು.
ಇವತ್ತು ಸೋಮವಾರ.
ಮಡಚಿದ್ದು ಮಡಚಿದಂಗ ಅದ, ಮಷೀನಿನ ಬಾಜೂಕ.
ಯಾರ ಅಳತಿಗಿ ಅಂತ
ಇನ್ನೂ ಸುಣ್ಣದ ಗೆರಿ ಹಾಕಿಲ್ಲ.