ಎರಡು ಮೀಟರ್ ಬಿಸಿಲು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ.
ಟೇಪು ನನ್ನದು, ದರ್ಜಿಯ ಟೇಪು,
ನಲವತ್ತು ವರ್ಷ ಓಸ್ಟ್ರಾವಾದ ಹೆಂಗಸರ
ಸೊಂಟ ಸುತ್ತಿ ಸುತ್ತಿ ಅಂಕಿ ಮಾಸಿದ್ದು.
ಲಿಫ್ಟಿನ ಒಳಗಿನ ಎತ್ತರ ಅಳೆದೆ,
ಬಾಗಿಲಿನದು ಮರೆತೆ.

ವೆಂದೆಲೀನ್ ಕೇಳಿದ್ದು ಇಷ್ಟೇ: ‘ಎರಡು ಮೀಟರ್ ಹಿಡಿಸುತ್ತದಾ?’
‘ಹಿಡಿಸಿ ಮೇಲೆ ನಾಲ್ಕು ಬೆರಳು ಉಳಿಯುತ್ತದೆ’ ಅಂದೆ,
ಬೆಳೆಯುವ ಮಗುವಿನ ಕೋಟಿಗೆ
ಒಳಮಡಿಕೆ ಬಿಟ್ಟವಳ ಧಾಟಿಯಲ್ಲಿ.

ಹಲಗೆ ತಂದದ್ದು ಮುಚ್ಚಿದ ಗಣಿಯಿಂದ.
ಪಾಳಿ ಮುಗಿಸಿದವರು ಮೈ ತೊಳೆಯುವ ಮುಂಚೆ
ಕುಸಿದು ಕೂರುತ್ತಿದ್ದ ಬೆಂಚುಗಳು, ಪೈನ್ ಮರದವು.
ಹರಾಜಿನಲ್ಲಿ ಬೇರೆ ಯಾರೂ ಕೂಗಲಿಲ್ಲವಂತೆ.
ನೆಲಮಾಳಿಗೆಯ ಬಲ್ಬಿನಡಿ ಉಜ್ಜಿದ, ಉಜ್ಜಿದ.
ಮೊದಲು ಕಪ್ಪು ಹೊಟ್ಟು ಬಿತ್ತು, ಆಮೇಲೆ ಬೂದಿ ಬಣ್ಣದ್ದು,
ಮೂರನೇ ದಿನ ಜೇನಿನ ಬಣ್ಣದ್ದು.
ಆಗೊಮ್ಮೆ ಸೀನಿದ. ಕರವಸ್ತ್ರದಲ್ಲಿ ಇನ್ನೂ ಕಪ್ಪೇ.

ಇಷ್ಟೆಲ್ಲ ಎರಡು ಓತಿಕ್ಯಾತಗಳಿಗೆ.
ಗಡ್ಡದವು; ಆಸ್ಟ್ರೇಲಿಯಾದ ಮರಳು ಕಾಣದೆ
ಬ್ರ್ನೋದ ಯಾರದೋ ಅಡುಗೆಮನೆಯಲ್ಲಿ ಮೊಟ್ಟೆಯೊಡೆದವು.
ಮೊಮ್ಮಗಳು ಅಪೊಲೆನಾ ಒಂದನ್ನು ಕಡುಬು ಅಂತ ಕರೆದಳು,
ಇನ್ನೊಂದನ್ನು ಕರ್ನಲ್.
ವಾರ ಅಮ್ಮನಲ್ಲಿ, ವಾರ ಅಪ್ಪನಲ್ಲಿ ಇರುವ ಹುಡುಗಿ.
ಎರಡೂ ಮನೆಯಲ್ಲಿ ಹಲ್ಲಿಗಿಲ್ಲಿ ಬೇಡ ಅಂದರು.
ಅಜ್ಜ ಏನೂ ಅನ್ನಲಿಲ್ಲ. ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿದ.

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅನ್ನುತ್ತಾರಲ್ಲ,
ಇಲ್ಲಿ ಬೇಲಿ ಎಲ್ಲಿ? ಒಂಬತ್ತನೇ ಮಹಡಿ,
ಹೊರಗೆ ಜನವರಿ, ಕಿಟಕಿಗೆ ಹಿಮದ ಪೊರೆ.
ಸಾಕ್ಷಿಗೆ ನಾನೇ ನಿಂತೆ, ಟಾರ್ಚು ಹಿಡಿದು.

ಸಂದುಗಳಿಗೆ ಸಿಲಿಕೋನ್, ಗಾಜು ಜಾರಲು ಕಾಲುವೆ,
ಕೆಳಗೊಂದು ಜಾಲರಿ, ಮೇಲೊಂದು.
‘ಬಿಸಿ ಗಾಳಿ ಹತ್ತುತ್ತದೆ, ತಣ್ಣನೆಯದು ತೆವಳುತ್ತದೆ,
ಗಾಳಿಯ ದಾರಿ ನನಗೆ ಹೇಳಿಕೊಡಬೇಡ’ ಅಂದ.
ವಾರ್ನಿಷಿನ ವಾಸನೆ ಹೋಗಲೆಂದು ಎರಡು ವಾರ ಕಾದ,
ದಿನವೂ ಇಳಿದುಹೋಗಿ ಒಳಗೆ ತಲೆ ಹಾಕಿ ಮೂಸಿದ.
ಮೂಗು ಸತ್ತವನು; ಕೊನೆಗೆ ನನ್ನನ್ನೇ ಕರೆದ.
ನಾನು ತಲೆ ಹಾಕಿ ಸ್ವಲ್ಪ ಹೊತ್ತು ಹಾಗೇ ಇದ್ದೆ.
ದೀಪ ಉರಿಸಿ ನೋಡುತ್ತಿದ್ದ. ಒಳಗೆ ಬೆಚ್ಚಗಿತ್ತು.

ಶನಿವಾರ ನಾಲ್ವರು ಹೊತ್ತೆವು.
ನಿಲ್ಲಿಸಿದರೆ ಲಿಫ್ಟಿನ ಬಾಗಿಲಿಗೆ ತಲೆ ತಾಗಿತು,
ಓರೆ ಮಾಡಿದರೆ ಕಾಲು ಹೊರಗೆ.
ಮೆಟ್ಟಿಲಲ್ಲಿ ಮೊದಲ ತಿರುವಿಗೇ ಸಿಕ್ಕಿಕೊಂಡಿತು.
‘ಕೆಳಗೇ ಬಿಟ್ಟುಬಿಡು’ ಅಂದ ಮೂರನೇ ಮಹಡಿಯವನು.
‘ಕೆಳಗೆ ಯಾರನ್ನೂ ಬಿಡುವುದಿಲ್ಲ’ ಅಂದ ವೆಂದೆಲೀನ್,
ದನಿ ಏರಿಸದೆ.
ಆಮೇಲೆ ಯಾರೂ ಮಾತಾಡಲಿಲ್ಲ.

ಆಗ ಬಾಯಿಬಿಟ್ಟೆ: ‘ಕತ್ತರಿಸು.
ರೇಷ್ಮೆಗೇ ನಡುಗದ ಕೈ ನನ್ನದು, ಇದು ಬರೀ ಮರ.’
ನಟ್ಟನಡುವೆ ಗೆರೆ ಎಳೆದುಕೊಟ್ಟೆ, ಸೀಮೆಸುಣ್ಣದಲ್ಲಿ.
ಗರಗಸ ಹಾಯ್ದಾಗ, ಹಿಂದೆ ಯಾರೋ ಚಾಕುವಿನಿಂದ
ಬೆಂಚಿಗೆ ಕೊರೆದಿಟ್ಟ ಹೆಸರು
ಅರ್ಧ ಇತ್ತ ಬಂತು, ಅರ್ಧ ಅತ್ತ.

ಆ ವಾರವೇ ಕರ್ನಲ್ ಕಡುಬಿನ ಬಾಲದ ತುದಿ ಕಚ್ಚಿ ಹಾಕಿದ.
ಪಶುವೈದ್ಯೆ ಬೈದಳು: ‘ಎರಡು ಗಂಡು, ಒಂದೇ ಪೆಟ್ಟಿಗೆಯಲ್ಲಾ?’
ಅಪೊಲೆನಾ ಅಂದಳು, ಇಲ್ಲ, ನಮ್ಮಲ್ಲಿ ಎರಡಿವೆ.
ನನ್ನತ್ತ ಯಾರೂ ನೋಡಲಿಲ್ಲ.
ಒಳ್ಳೆಯದಾಯಿತು ಅಂತ ನಾನೂ ಹೇಳಿಕೊಳ್ಳುವುದಿಲ್ಲ,
ತಪ್ಪು ಅಳತೆ ತಪ್ಪೇ.

ಈಗ ಬೆಳಿಗ್ಗೆ ಆರಕ್ಕೆ ಎದುರುಮನೆಯಲ್ಲಿ ಟಕ್ ಅನ್ನುತ್ತದೆ,
ಎರಡು ಸಲ. ಬಾಗಿಲ ಸಂದಿಯಿಂದ ಬೆಳಕು
ನನ್ನ ಹೊಸ್ತಿಲವರೆಗೆ ಬರುತ್ತದೆ.
ಮೂವತ್ತೊಂದು ಚಳಿಗಾಲ ಕತ್ತಲಲ್ಲಿ ಇಳಿದು
ಕತ್ತಲಿಗೇ ಹತ್ತಿಬಂದವನು ಪೈಜಾಮದಲ್ಲೇ ಕೂತಿರುತ್ತಾನೆ,
ಎರಡು ಸೂರ್ಯರ ನಡುವೆ ಕುರ್ಚಿ ಹಾಕಿಕೊಂಡು.
ಕಡುಬು ಮುಂಗಾಲೆತ್ತಿ ಬೀಸುತ್ತದೆ. ಅವನೂ ಕೈ ಬೀಸುತ್ತಾನೆ.

ಒಂದು ಮಾತು ಅವನಿಗೆ ಹೇಳಿಲ್ಲ:
ಅವುಗಳ ಊಟದ ಡಬ್ಬಿಯಿಂದ ತಪ್ಪಿಸಿಕೊಂಡ ಜೀರುಂಡೆಯೊಂದು
ನನ್ನ ಹೊಲಿಗೆ ಯಂತ್ರದ ಹಿಂದೆ ಸೇರಿಕೊಂಡಿದೆ.
ರಾತ್ರಿಯೆಲ್ಲ ಕಿರ್ರೆನ್ನುತ್ತದೆ.
ಹಿಡಿದು ಕೊಡಬೇಕು. ನಾಳೆ ನೋಡೋಣ.