ನೀವು ಬೆಳೆದ ಬೀದಿಯ ಹೆಸರು

ಕುತಾಯಿಸಿಯ ಹಸಿರು ಪೇಟೆಯ ಬೆನ್ನಿಗೆ,
ಚೀಸ್ ಮಾರುವವರ ಸಾಲು ಮುಗಿಯುವಲ್ಲಿ ನನ್ನದೊಂದು ಗೂಡು.
ಒಡೆದ ಗಾಜು, ಸತ್ತ ಬ್ಯಾಟರಿ, ಮರೆತ ಪಾಸ್‌ವರ್ಡ್,
ಯಾವುದಾದರೂ ಸರಿ, ಐದು ಲಾರಿ ಹಣ.
ಮರೆವಿಗೆ ದರ ಏರಿಸು ಅನ್ನುತ್ತಾನೆ ಪಕ್ಕದ ಅಂಗಡಿಯ ತಾರಿಯೆಲ್,
ಜನ ಹೆಚ್ಚಾಗಿ ತರುವುದು ಅದನ್ನೇ.

ಝುಝುನಾ ಬಂದದ್ದು ಮಂಗಳವಾರ.
ಟ್ರಾಲಿಬಸ್ಸು ಓಡಿಸುತ್ತಿದ್ದವಳು, ಎರಡನೇ ನಂಬರಿನ ದಾರಿ.
ತಂತಿಯಿಂದ ಕೋಲು ಜಾರಿದರೆ ತಾನೇ ಇಳಿದು,
ಕೈಗವಸು ತೊಟ್ಟು, ಹಗ್ಗ ಜಗ್ಗಿ, ಮತ್ತೆ ಕೂರಿಸಿ
ಊರಿಗೆಲ್ಲ ಕೇಳುವಂತೆ ಬೈದುಕೊಂಡು ಹತ್ತುತ್ತಿದ್ದವಳು.
ಈಗ ಬಸ್ಸಿಲ್ಲ. ತಂತಿಯಿಲ್ಲ.
ಗೋಡೆಗಳಲ್ಲಿ ಕೊಕ್ಕೆಗಳು ಮಾತ್ರ ಉಳಿದಿವೆ,
ಒಂದಕ್ಕೆ ಯಾರೋ ಕಾಲುಚೀಲ ಒಣಹಾಕಿದ್ದಾರೆ.

"ಕೊನೆಯ ವರ್ಷ ಒಬ್ಬ ಜರ್ಮನ್ನವನು ಬಂದಿದ್ದ," ಎಂದಳು,
"ಬಸ್ಸಿನ ಹುಚ್ಚ. ಮೂರು ದಿನ ನನ್ನ ಹಿಂದೆ ಕೂತು ಊರು ಸುತ್ತಿದ.
ಫೋಟೋ ಕಳಿಸ್ತೀನಿ ಅಂದ.
ಕಳಿಸಿದನೋ ಇಲ್ಲವೋ ನೋಡಬೇಕು. ಅಷ್ಟೇ."
ಹದಿನೈದು ವರ್ಷವಾದ ಮೇಲೆ. ಅಷ್ಟೇ.

ಪಾಸ್‌ವರ್ಡು? ಭುಜ ಹಾರಿಸಿದಳು.
ಹಳೆಯ ಫೋನ್ ನಂಬರು? ರಿಯೋನಿ ನದಿಯಲ್ಲಿ, ಫೋನಿನ ಸಮೇತ.
ಉಳಿದದ್ದು ಹಿತ್ತಿಲ ಬಾಗಿಲು, ಅಲ್ಲಿ ಕಾವಲಿಗೆ ಒಂದೇ ಪ್ರಶ್ನೆ:
ನೀವು ಬೆಳೆದ ಬೀದಿಯ ಹೆಸರು?

ನಕ್ಕಳು. ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತಲೇ
ನಕ್ಕು ಅಭ್ಯಾಸವಾದವರ ನಗು.
"ಯಾವ ಸರ್ಕಾರದ್ದು?"

ಅಜ್ಜಿ ಹೇಳುತ್ತಿದ್ದದ್ದು ಒಬ್ಬ ಸಂತನ ಹೆಸರು.
ಹಾಕಿದೆ. ಹೊಂದುತ್ತಿಲ್ಲ.
ಶಾಲೆಯ ಕಾಗದದಲ್ಲಿ ಒಬ್ಬ ಕಮಿಸಾರ, ಮೂಲೆಮನೆಯ ಗೋಡೆಗೆ
ಅವನ ತಗಡಿನ ಮೀಸೆ ಹೊಡೆದಿದ್ದರಂತೆ. ಹೊಂದುತ್ತಿಲ್ಲ.
ಆಮೇಲೆ ಎರಡು ಚಳಿಗಾಲ ಹೆಸರೇ ಇರಲಿಲ್ಲ, ಕರೆಂಟೂ ಇರಲಿಲ್ಲ,
ಅಂಚೆಯವನು ಸೌದೆಯ ಹೊಗೆ ಹಿಡಿದು ಮನೆ ಹುಡುಕುತ್ತಿದ್ದ.
ಈಗ ಅಲ್ಲೊಬ್ಬ ಕವಿ. ಅವನೂ ಹೊಂದುತ್ತಿಲ್ಲ.
"ಚರ್ಮ ಹದಮಾಡುವವರ ಏರು ಅಂತ ಹಾಕು.
ನಮ್ಮ ಬಾಯಲ್ಲಿ ಇದ್ದದ್ದು ಅದೊಂದೇ."
ನಮ್ಮ ದುಂಡು ಅಕ್ಷರಗಳಲ್ಲಿ ಒಂದೂ ತಪ್ಪದೆ ಹಾಕಿದೆ.
ಇನ್ನೊಂದೇ ಅವಕಾಶ, ಎಂದಿತು ಪರದೆ.

"ಈ ಖಾತೆ ತೆರೆದುಕೊಟ್ಟವರು ಯಾರು?"
"ಬಿಳಿ ಸೇತುವೆ ಹತ್ತಿರದ ನೆಲಮಾಳಿಗೆಯಲ್ಲಿ ಒಬ್ಬ ಹುಡುಗ.
ಸೂರ್ಯಕಾಂತಿ ಬೀಜ ಜಗಿಯುತ್ತ
ಕೀಲಿಮಣೆ ತುಂಬ ಸಿಪ್ಪೆ ಉಗುಳುತ್ತಿದ್ದ. ಅವಸರದ ಪ್ರಾಣಿ."

ಮೇಜಿನ ಮೇಲಿದ್ದ ಪೊಟ್ಟಣವನ್ನು
ನನ್ನ ಕೈ ಮೆಲ್ಲಗೆ ಕೆಳಗಿಳಿಸಿತು.

ಹದಿನಾಲ್ಕು ವರ್ಷ ನನಗೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆ,
ಸಾಲಿನಲ್ಲಿ ಆರು ಜನ, ಎಲ್ಲರೂ ಒದ್ದೆ ಕೋಟಿನವರು.
ಬೀದಿ ಹೆಸರು ಬೇಗ ಹೇಳು ಚಿಕ್ಕಮ್ಮ, ಎಂದಿದ್ದೆ.
ಅವಳಂದದ್ದು ಎರಡೇ ಮಾತು.
ಅಂದದ್ದನ್ನು ಅಂದಹಾಗೇ ಒತ್ತಿದ್ದೆ, ರೋಮನ್ ಅಕ್ಷರದಲ್ಲಿ,
ನಮ್ಮ ಅಕ್ಷರ ಆ ಕೀಲಿಮಣೆಗೆ ಬರುತ್ತಿರಲಿಲ್ಲ.
ಬೆರಳಿಗೆ ಇನ್ನೂ ನೆನಪಿತ್ತೇನೋ, ತಾನೇ ಒತ್ತಿತು:
ವಿನ್ ಇತ್ಸಿಸ್.
ಯಾರಿಗೆ ಗೊತ್ತು.

ತೆರೆಯಿತು.

ನಾಲ್ಕು ಸಾವಿರ ಪತ್ರ. ಬೂಟು, ಲಾಟರಿ,
ಹೆಸರು ಕೇಳದ ದೇಶದ ಬ್ಯಾಂಕಿನ ಸವಿಮಾತು.
ಅವೆಲ್ಲದರ ತಳಕ್ಕೆ ಜರ್ಮನ್ನವನದು ಒಂದು.
ಬಸ್ಸು ಇಡಿಯಾಗಿ ಬಂದಿದೆ: ಕೋಲು, ತಂತಿ, ನಂಬರು ಎರಡು.
ಮುಂದಿನ ಗಾಜಿಗೆ ಬಿಸಿಲು ಹೊಡೆದು
ಅವಳ ಮುಖವಿರಬೇಕಾದಲ್ಲಿ ಬರೀ ಬಿಳುಪು.
ಸ್ಟೀರಿಂಗಿನ ಮೇಲೆ ಎರಡು ಕೈಗವಸು.
"ಬಲಗಡೆಯದು ತೂತು ಬಿದ್ದಿದೆ, ನೋಡು," ಎಂದಳು.
ಆಮೇಲೆ ಬಹಳ ಹೊತ್ತು ಏನೂ ಅನ್ನಲಿಲ್ಲ.

ಹೊಸ ಪಾಸ್‌ವರ್ಡ್ ಕೊಡಿ ಎಂದಿತು ಪರದೆ,
ಎಂಟಕ್ಷರಕ್ಕೆ ಕಡಿಮೆಯಿಲ್ಲದೆ, ನಡುವೆ ಒಂದಂಕಿ.
"ನೀನೇ ಏನಾದರೂ ಹಾಕು," ಎಂದಳು,
ನಾಣ್ಯಗಳನ್ನು ಒಂದೊಂದೇ ಮೇಜಿನ ಮೇಲೆ ಜೋಡಿಸುತ್ತ,
"ಈ ಸಲ
ಬೀಜ ಪಕ್ಕಕ್ಕಿಟ್ಟು."