ಮೂರು ಬೂದು, ಒಂದು ತುಕ್ಕು

ಗ್ದಿನ್ಯಾದ ಬಂದರು ಬೀದಿಯ ಕಾಗದದಂಗಡಿಯಲ್ಲಿ
ಬೊಗುಮಿಲ್ ಮಾರ್ಕರಿನ ಮುಚ್ಚಳ ತೆಗೆದು
ಮೂಸಿದ. ಥಟ್ಟನೆ ಮುಚ್ಚಿದ.

"ಸ್ಪಿರಿಟ್ಟು," ಅಂದಳು ಅಂಗಡಿಯ ಹುಡುಗಿ, "ಬೇಗ ಒಣಗತ್ತೆ,
ಬಳಿದದ್ದರ ಮೇಲೆ ಬಳಿದರೂ ಪಟ್ಟೆ ಉಳಿಯಲ್ಲ."
ಅದರ ಗುಣ ನನಗೆ ಗೊತ್ತು, ಅನ್ನಲಿಲ್ಲ ಅವನು.
ಬಿಟ್ಟು ಹದಿನಾಲ್ಕು ತಿಂಗಳು.

ಜಪಾನಿನದು ಒಂದಕ್ಕೇ ಮೂವತ್ತು ಝ್ಲೋಟಿ.
ಹೆಸರಿಲ್ಲದ ಕಂಪನಿಯ ಅರವತ್ತರ ಡಬ್ಬಿ ಅಗ್ಗ,
ಆದರೆ ಅದರಲ್ಲಿ ಗುಲಾಬಿಯೇ ಹನ್ನೊಂದು!
ಹಡಗು ಬೆಸೆದವನಿಗೆ ಯಾಕೆ ಅಷ್ಟು ಗುಲಾಬಿ?
ಬಿಡಿಬಿಡಿಯಾಗಿ ಆರಿಸಿದ:
ಮೂರು ಬೂದು, ಒಂದು ತುಕ್ಕು.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಕ್ರೇನು, ಮಂಜು, ಸಮುದ್ರ;
ಶಾಯಿ ಇಳಿದು ಕೆಳಗಿನ ಹಾಳೆಗೂ ಇನ್ನೊಂದು ಸಮುದ್ರ.

ಮಗಳು ಯೊವಿತಾ ಬಂದವಳು ಬಾಗಿಲಲ್ಲೇ ನಿಂತು
ಗಾಳಿ ಮೂಸಿದಳು.
ಅವನು ಮಾತಾಡದೆ
ಬಣ್ಣ ಹತ್ತಿದ ಬೆರಳು ಎತ್ತಿ ತೋರಿಸಿದ.